ಮುತ್ಯಾನ ಫೋಟೋ ಮೇಲೆ ಇಳಿದ ಪರದೆ

ಅಪ್ಪ ಕೊನೆಯ ಸಲ ಕಲಬುರಗಿಯ ಥಿಯೇಟರಿಗೆ ಬಂದಾಗ ಸಿನಿಮಾ ನೋಡಿದ್ದು ಅರ್ಧ ತಾಸು. ಉಳಿದ ಹೊತ್ತನ್ನೆಲ್ಲ ಹೊರಗೆ, ಗಾಡಿ ನಿಲ್ಲಿಸುವ ಜಾಗದ ಕಟ್ಟೆಯ ಮೇಲೆ ಕಳೆದ. ನಾನು ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತಿದ್ದೆ. ಒಳಗಿನಿಂದ ಜನ ನಗುವ ಸದ್ದು ಅಲೆ ಅಲೆಯಾಗಿ ಬರುತ್ತಿತ್ತು. ಅಲ್ಲಿ ಯಾರು ಏನು ಅಂದಿರಬಹುದು ಎಂದು ಅದೇ ಧ್ವನಿಯಲ್ಲಿ ಮಾಡಿ ತೋರಿಸುವುದು ನನಗೆ ದೊಡ್ಡ ಕೆಲಸವಲ್ಲ. ಮಾಡಲಿಲ್ಲ.

ಆದದ್ದು ಇಷ್ಟು. ಅಪ್ಪನಿಗೆ ಕೆಮ್ಮು ಬಂತು. ಗಂಟಲಿನಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಅವನು ಉಸಿರಾಡುವುದು ಕೊರಳ ತಗ್ಗಿನಲ್ಲಿರುವ ತೂತಿನಿಂದ. ಮೇಲೆ ಒಂದು ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಾನೆ. ಕೆಮ್ಮಿದರೆ ಬಾಯಿಂದ ಬರುವುದಿಲ್ಲ, ಅಲ್ಲಿಂದ ಬರುತ್ತದೆ, ಒಡೆದ ಪೀಪಿ ಊದಿದ ಹಾಗೆ. ಮುಂದಿನ ಸಾಲಿನವನೊಬ್ಬ ಇದೇನು ಸದ್ದು ಎಂದು ತಿರುಗಿ ಮೊಬೈಲಿನ ಬೆಳಕು ಬಿಟ್ಟ. ಬೆಳಕು ನೇರ ಕೊರಳ ಮೇಲೆ ಬಿತ್ತು. ಬಟ್ಟೆ ಸರಿದಿತ್ತು. "ಸಾರಿ ರೀ ಕಾಕಾ" ಅಂದ ಪಾಪ. ಬೆಳಕು ಆರಿಸುವುದನ್ನು ಮಾತ್ರ ಮರೆತ.

ಯಾರಾದರೂ ಒಂದು ಮಾತು ಅಂದರೆ ಮೂರು ತಿರುಗಿಸಿ ಕೊಡುವವನು ನಾನು. ಹಗಲು ಕಲಬುರಗಿಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕುಟ್ಟುತ್ತೇನೆ. ರಜೆ ದಿನ ಮದುವೆ, ರಿಸೆಪ್ಶನ್, ಕಾಲೇಜಿನ ಗ್ಯಾದರಿಂಗುಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಬೀದಿನಾಯಿಯಿಂದ ಹಿಡಿದು ನಮ್ಮ ಸಾಹೇಬರ ತನಕ ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ನಾಯಿ ಸ್ವಲ್ಪ ಚೆನ್ನಾಗಿ ಬರುತ್ತದೆ ಎಂದು ಸಾಹೇಬರೇ ಹೇಳಿದ್ದಾರೆ. ಅಂಥವನು ಆ ದಿನ ಥಿಯೇಟರಿನ ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ಹುಡುಕುತ್ತ ಕೂತೆ. ಅಪ್ಪ ಎದ್ದ, ನಾನೂ ಎದ್ದೆ.

ಅಪ್ಪ ಕಲಬುರಗಿ, ಕಮಲಾಪುರ, ಹುಮನಾಬಾದ್ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅವನ ಧ್ವನಿಗೆ ಬಸ್ ಸ್ಟ್ಯಾಂಡಿನ ಪಾರಿವಾಳಗಳು ಏಳುತ್ತಿದ್ದವು. ಇದು ನಾನು ಸ್ಟೇಜಿನ ಮೇಲೆ ಹೇಳುವ ಮಾತು, ಸ್ವಲ್ಪ ಉಪ್ಪುಖಾರ ಇದೆ. ಆದರೆ ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರು ಏಳುತ್ತಿದ್ದುದು ಖರೆ. "ಕಮಲಾಪುರಾ, ಹುಮನಾಬಾದಾ" ಎಂದು ಕೊನೆಯ ಅಕ್ಷರವನ್ನು ಎಳೆದು ಮೇಲಕ್ಕೆ ಎಸೆಯುತ್ತಿದ್ದ. ನಾನು ಮೊದಲು ಕಲಿತ ಧ್ವನಿ ಅದೇ. ಹಲ್ಲು ಬಿದ್ದ ವಯಸ್ಸಿನಲ್ಲಿ ಬಾಗಿಲ ಚೌಕಟ್ಟಿಗೆ ಜೋತುಬಿದ್ದು ಕೂಗಿದರೆ ಓಣಿಯವರು "ಏನ್ರೀ, ಡ್ಯೂಟಿ ಮುಗೀತೇನು?" ಎಂದು ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು.

ಧ್ವನಿಯ ಜೊತೆ ಸೀಟಿಯೂ ಹೋಯಿತು. ಕೊರಳಿಂದ ಉಸಿರಾಡುವವನ ಬಾಯಲ್ಲಿ ಗಾಳಿ ಇರುವುದಿಲ್ಲ. ಬಿಸಿ ಚಹಾ ಊದಿ ಆರಿಸಿಕೊಳ್ಳಲೂ ಆಗುವುದಿಲ್ಲ, ಬಸಿಯಲ್ಲಿ ಹಾಕಿಟ್ಟು ಕಾಯುತ್ತಾನೆ. ಆಸ್ಪತ್ರೆಯವರು ಕೊರಳಿಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಡಿಸಿದ್ದರು. ಒಂದೇ ಒಂದು ಸಲ ಅದರಲ್ಲಿ "ನೀರು" ಅಂದ. ಹಿಟ್ಟಿನ ಗಿರಣಿ ಮಾತಾಡಿದ ಹಾಗಿತ್ತು. ಅವ್ವ ಕೈಯಲ್ಲಿದ್ದ ತಂಬಿಗೆ ಬಿಟ್ಟಳು. ಅಂದಿನಿಂದ ಆ ಯಂತ್ರ ಅವನ ಡ್ಯೂಟಿಯ ತಗಡಿನ ಟ್ರಂಕಿನಲ್ಲಿದೆ. ಅದರ ಧ್ವನಿಯನ್ನೂ ನಾನು ತೆಗೆಯಬಲ್ಲೆ. ತೆಗೆದಿಲ್ಲ.

ಬರೆದು ತೋರಿಸಲಿ ಎಂದು ಪಾಟಿ ತಂದುಕೊಟ್ಟರೆ ಮುಟ್ಟಲಿಲ್ಲ. ಅವನಿಗೆ ಉಳಿದದ್ದು ಬಡಿತ. ಬಸ್ಸಿನ ಮೈಗೆ ಕಂಡಕ್ಟರು ಒಮ್ಮೆ ಬಡಿದರೆ ನಿಲ್ಲು. ಎರಡು ಸಲ ಬಡಿದರೆ ರೈಟ್, ಹೊರಡು. ಬಸ್ಸು ಹಿಂದಕ್ಕೆ ಬರುವಾಗ ಟಪಟಪ ಬಡಿಯುತ್ತಲೇ ಇರಬೇಕು, ಅದು ನಿಂತು ಒಂದು ಗಟ್ಟಿ ಏಟು ಬಿತ್ತೆಂದರೆ ಬ್ರೇಕು. ಮನೆಯಲ್ಲಿಯೂ ಅದೇ ಆಯಿತು. ಅವ್ವ ಅನ್ನ ಬಡಿಸುವಾಗ ಹಲಗೆಯ ಮೇಲೆ ಒಂದು ಬಡಿತ ಬಿದ್ದರೆ ಸಾಕು ಎಂದರ್ಥ. ಥಿಯೇಟರಿನಿಂದ ಬಂದ ಮೇಲೆ ಅದೂ ಕಡಿಮೆಯಾಯಿತು. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ನೆಂಟರು ಬಂದರೆ ನಿದ್ದೆ ಬಂದವನ ಹಾಗೆ ಮಾಡುತ್ತಿದ್ದ. ನಟನೆಯಲ್ಲಿ ಅವನು ನನಗಿಂತ ಒಂದು ಕೈ ಕಡಿಮೆ, ರೆಪ್ಪೆ ಅದುರುತ್ತಿತ್ತು.

"ಥೇಟರ್ ಇಲ್ಲೇ ತರ್ತೀನಿ ತಡಿ" ಎಂದು ನಾನು ಅವ್ವನಿಗೆ ಹೇಳಿದೆ. "ಪಡಸಾಲ್ಯಾಗ ಪ್ರೊಜೆಕ್ಟರ್ ಹಾಕ್ತೀನಿ. ಯಾರೂ ಹೊಳ್ಳಿ ನೋಡಂಗಿಲ್ಲ. ಆಗರ ಹೊರಗ ಬರ್ತಾನ."

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಿ ಕೇಳಿದಳು: "ಅದರಾಗ ಮದವಿ ಸೀಡಿ ಕಾಣಸ್ತದೇನೋ?"

"ಯಾರ ಮದವಿ?"

"ನಿಮ್ಮಕ್ಕಂದು. ಅಕ್ಕ ಬಸ್ ಹತ್ತೂ ಮುಂದ ಇವರು ಬಾಗಿಲದಾಗ ನಿಂತು ಏನೋ ಅಂದ್ರಲ್ಲ. ಕ್ಯಾಮೆರಾದವ ಅಲ್ಲೇ ಇದ್ದ." ಮೊರದ ಕಡೆ ನೋಡುತ್ತ ಹೇಳಿದಳು. "ಇವರ ಧ್ವನಿ ಅದರಾಗ ಇರ್ತದಪ್ಪ. ಒಂದ್ಸಲ ಕೇಳ್ಬೇಕು ನನಗ. ಮರ್ತು ಹೊಂಟೀನಿ."

ಈ ಕಾಲದಲ್ಲಿ ಯಾರ ಧ್ವನಿ ಫೋನಿನಲ್ಲಿ ಇರುವುದಿಲ್ಲ? ಆ ರಾತ್ರಿಯೇ ನನ್ನ ಫೋನಿನ ವಿಡಿಯೋಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲದರಲ್ಲೂ ಅಪ್ಪ ಇದ್ದಾನೆ. ಪ್ರತಿಯೊಂದರಲ್ಲೂ ಅವನು ಬಾಯಿ ತೆರೆಯುವುದಕ್ಕೆ ಮೊದಲೇ ನಾನು ಅವನ ಧ್ವನಿಯಲ್ಲಿ ಮಾತಾಡಿಬಿಟ್ಟಿದ್ದೇನೆ. ಎಲ್ಲರೂ ನಗುತ್ತಾರೆ. ಅಪ್ಪನೂ ನಕ್ಕು, ಹೇಳಬೇಕೆಂದಿದ್ದನ್ನು ಬಿಟ್ಟು, ಕೈ ಬೀಸಿ ಆಚೆ ಹೋಗುತ್ತಾನೆ. ಹೀಗೆ ಎಷ್ಟೋ. ಒಂದರಲ್ಲಿ ಮಾತ್ರ "ಲೇ" ಎಂದು ಶುರು ಮಾಡಿದ್ದ. ಅದರ ಮೇಲೂ ನಾನೇ ಹತ್ತಿ ಕೂತಿದ್ದೆ.

ಅಕ್ಕ ಕಲಬುರಗಿಯಲ್ಲಿ ಇರುತ್ತಾಳೆ, ನಮ್ಮೂರಿಂದ ಬಸ್ಸಿನಲ್ಲಿ ಹೋಗಬೇಕು. ಫೋನು ಮಾಡಿದರೆ, "ಸೀಡಿ ಎಲ್ಲೋ ಟ್ರೆಜರಿ ಕಪಾಟದಾಗ ಸೀರಿ ಕೆಳಗ ಅದ, ಹುಡುಕ್ತೀನಿ ತಡಿ" ಅಂದಳು. ನಾನು ಕಲಬುರಗಿಯ ಜಗತ್ ಕಡೆ ಹೊರಟೆ.

ಜಗತ್ ಸರ್ಕಲ್ ದಾಟಿ ಒಳಗೆ ಹೋದರೆ, ಸ್ಪೀಕರು, ಆಂಪ್ಲಿಫೈಯರು ಮಾರುವ ಒಂದು ಅಂಗಡಿ. ಗಲ್ಲೆಯ ಮೇಲೆ ಮೆಹಂದಿ ಹಚ್ಚಿದ ಗಡ್ಡದ ಚಾಚಾ. ಒಳಗೆ ಕಾಲಿಟ್ಟೊಡನೆ ನನ್ನ ಮುಖ ನೋಡಿ ಬೆರಳು ಆಡಿಸಿದರು.

"ಅರೇ! ನೀ ಆ ಕಂಡಕ್ಟರ್ ಐಟಂ ಮಾಡೋನಲ್ಲ? ನಮ್ಮ ತಂಗಿ ಮಗನ ಮದವಿ ವಲೀಮಾದಾಗ ಮಾಡಿದ್ದಿ. ಮಗಳನ್ನ ಬಸ್ ಹತ್ತಿಸ್ತಾನಲ್ಲ ಬಾಪ್, ಕ್ಯಾ ಬೋಲತಾ ಓ, ಏನಂತಾನ?" ಅವರೇ ಕೈಯೆತ್ತಿ ಶುರು ಮಾಡಿದರು. "ಯಾರ್ರೀ ಟಿಕೆಟ್ ಉಳದೋರು! ಅಳೋರು ಕೆಳಗ ಇಳೀರಿ, ಹೋಗೋರು ಒಳಗ ಸರೀರಿ! ಹಾ ಹಾ! ಎಲ್ಲಿ, ಮಾಡು ಒಂದ್ಸಲ ಬೇಟಾ."

"ಗಂಟಲ ಕೆಟ್ಟದರೀ ಚಾಚಾ" ಅಂದೆ.

"ನಿಂದಾ?"

ಪ್ರೊಜೆಕ್ಟರ್ ತೋರಿಸಿ ಅಂದೆ. ನಾನು ಆಗಲೇ ಫೋನಿನಲ್ಲಿ ಒಂದನ್ನು ನೋಡಿ ಮನಸ್ಸು ಕೊಟ್ಟಿದ್ದೆ: ಲಾಡಿನ ಡಬ್ಬಿಯಷ್ಟು ಸಣ್ಣದು, ಬೆಲೆಯೂ ಸಣ್ಣದು, ಡಬ್ಬದ ಮೇಲೆ ಬರೆದ ಬೆಳಕಿನ ಅಂಕಿ ಮಾತ್ರ ಸೂರ್ಯನಿಗಿಂತ ಒಂದು ಕಡಿಮೆ. ಅಂಥದ್ದೇ ಒಂದು ಅಲ್ಲಿಯೂ ಇತ್ತು. ಚಾಚಾ ಅದನ್ನು ಹಚ್ಚಿ ಗೋಡೆಯ ಮೇಲೆ ಒಂದು ಹಾಡು ಬಿಟ್ಟರು. ಚಂದ ಇತ್ತು. ಆಮೇಲೆ ಅಂಗಡಿಯ ಟ್ಯೂಬ್‌ಲೈಟ್ ಹಾಕಿದರು. ಕುಣಿಯುತ್ತಿದ್ದವರೆಲ್ಲ ಮಾಯ. ಗೋಡೆಯ ಮೇಲೆ ಒಂದು ಬೂದಿಯ ಕಲೆ ಉಳಿಯಿತು.

"ಡಬ್ಬಿ ಮ್ಯಾಲ ಏನ್ ಬೇಕಾದ್ರೂ ಬರೀತಾರ. ನಿಮ್ಮ ಪಡಸಾಲ್ಯಾಗ ಖಿಡಕಿ ಎಷ್ಟು?"

"ಎರಡು. ಒಂದರ ಬಾಗಿಲ ಬರೋಬ್ಬರಿ ಹತ್ತಂಗಿಲ್ಲ."

"ಹಂಗಾದ್ರ ಇದು ಬ್ಯಾಡ. ಗೋಡಿಯಿಂದ ಗೋಡಿಗೆ ನಾಪ್ ತಗೊಂಡು ಬಾ. ಮಶೀನ್ ಎಲ್ಲಿ ಇಡ್ತಿ, ಪರ್ದಾ ಎಲ್ಲಿ ಹಾಕ್ತಿ, ಜನ ಎಲ್ಲಿ ಕೂಡ್ತಾರ, ಮೂರೂ ನೋಡ್ಕೊಂಡು ಬಾ. ಆಮ್ಯಾಲ ಮಾತಾಡೋಣು."

ಮರುದಿನ ಅಳತೆ ತಂದೆ. ಚಾಚಾ ಅದನ್ನು ನೋಡಿ ದಪ್ಪಗಿನ ಇನ್ನೊಂದನ್ನು ಇಳಿಸಿದರು. ಟ್ಯೂಬ್‌ಲೈಟ್ ಹಾಕಿದರೂ ಅದರಲ್ಲಿ ಮನುಷ್ಯರು ಉಳಿದರು, ಸ್ವಲ್ಪ ಬಿಳಿಚಿಕೊಂಡರು ಅಷ್ಟೆ. ಅದರಲ್ಲಿಯೇ ಎರಡು ನಮೂನೆ: ಒಂದರ ಫ್ಯಾನು ಗಿರಗಿರ ಸದ್ದು ಮಾಡುತ್ತಿತ್ತು, ಇನ್ನೊಂದು ಸದ್ದೇ ಇಲ್ಲದ್ದು. ನಾನು ಸದ್ದಿಲ್ಲದ್ದನ್ನೇ ಆರಿಸಿದೆ. ಅಪ್ಪನ ಧ್ವನಿ ಕೇಳುವ ಹೊತ್ತಿಗೆ ನಡುವೆ ಫ್ಯಾನು ಗೊರಕೆ ಹೊಡೆಯಬಾರದಲ್ಲ. ಇದು ಅಪ್ಪನಿಗೆ ಎಂದು ಮಾತಿನಲ್ಲಿ ಹೇಳಿದ್ದೆ; ಅವರನ್ನೂ ಕರೆತಂದು ತೋರಿಸು, ಅವರ ಕಣ್ಣಿಗೂ ಹಿಡಿಸಬೇಕು ಎಂದು ಚಾಚಾ ಹೇಳಿದಾಗ ನಾನು ಕೈಯನ್ನು ಕೊರಳ ಬಳಿ ಅಡ್ಡ ಹಿಡಿದು ತೋರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಅರ್ಥವಾಯಿತು.

"ಆ ಐಟಂದಾಗಿನ ಬಾಪ್..." ಅಂದರು.

"ಹೌದ್ರೀ."

"ಮಾಫ್ ಕರನಾ ಬೇಟಾ" ಎಂದು ಅವರು ಪ್ರೊಜೆಕ್ಟರಿನ ವಾಯರುಗಳನ್ನು ಒಂದೊಂದಾಗಿ, ಬಹಳ ನಿಧಾನವಾಗಿ ಸುತ್ತಿಕೊಟ್ಟರು.

ಪರದೆಯದು ಬೇರೆಯೇ ಪಂಚಾಯ್ತಿ. ನಮ್ಮ ಪಡಸಾಲೆಯಲ್ಲಿ ಬರಿದಾದ ಗೋಡೆ ಇಲ್ಲ. ಉದ್ದನೆಯ ಗೋಡೆಯ ಮೇಲೆ ಸಾಲಾಗಿ ಸತ್ತವರು ಕೂತಿದ್ದಾರೆ. ನಡುವೆ ರುಮಾಲು ಸುತ್ತಿದ ಮುತ್ಯಾ, ಅಪ್ಪನ ಅಪ್ಪ. ಅಪ್ಪನಿಗೆ ಆ ಧ್ವನಿ ಮುತ್ಯಾನಿಂದ ಬಂದದ್ದು, ಅವನು ಹೊಲದಲ್ಲಿ ಕೂಗಿದರೆ ಮನೆಯಲ್ಲಿ ಎತ್ತು ಏಳುತ್ತಿತ್ತು ಎಂದು ಅವ್ವ ಹೇಳುತ್ತಾಳೆ. ಮನೆತನದಲ್ಲಿ ಉಪ್ಪುಖಾರ ಹಾಕುವವನು ನಾನೊಬ್ಬನೇ ಅಲ್ಲ.

"ಮುತ್ಯಾನ ತಗದು ಸಿನಿಮಾ ಹಾಕ್ತಿ?" ಅಂದಳು ಅವ್ವ.

"ತಗ್ಯಂಗಿಲ್ಲವಾ. ಸುತ್ತೂ ಪರದೆ ತಂದೀನಿ. ಸಿನಿಮಾ ಇದ್ದಾಗ ಕೆಳಗ ಇಳೀತದ, ಮುಗದ ಮ್ಯಾಲ ಮ್ಯಾಲ ಹೋಗ್ತದ. ಮುತ್ಯಾ ಹಿಂದಿನಿಂದ ಪುಕಟ ನೋಡ್ತಾನ."

"ಅವರ ಎದಿಗೆ ಸಿನಿಮಾ ಹೊಡೀತದಲ್ಲೋ."

ಕೊನೆಗೆ ಪರದೆಗೆ ಕುಂಕುಮ ಹಚ್ಚಿ ಒಪ್ಪಿಕೊಂಡಳು. ಕಪ್ಪು ಅಂಚಿನ ಬಿಳಿ ಬಟ್ಟೆಯ ಮೂಲೆಯಲ್ಲಿ ಆ ಕೆಂಪು ಬೊಟ್ಟು ಈಗಲೂ ಇದೆ. ಎಂಥ ದುಬಾರಿ ಸಿನಿಮಾ ಹಾಕಿದರೂ ಅದರ ಆಕಾಶದಲ್ಲಿ ಅದೊಂದು ಇರುತ್ತದೆ.

ಪ್ರೊಜೆಕ್ಟರಿಗೆ ಜಾಗ ನಾನೇ ಆರಿಸಿದ್ದೆ: ಎದುರುಗೋಡೆಯಲ್ಲಿ, ಎತ್ತರದಲ್ಲಿ, ಹಿಂದೆ ಲಾಟೀನು ಇಡುತ್ತಿದ್ದ ಗೂಡು. ಥಿಯೇಟರಿನಲ್ಲಿ ಬೆಳಕು ಹಿಂದಿನ ಕಿಂಡಿಯಿಂದ ಬರುತ್ತದಲ್ಲ, ಹಾಗೆ. ನೆಲದಿಂದ ಅಳತೆ ತೆಗೆದಿದ್ದೆ, ಗೋಡೆಯಿಂದ ಗೋಡೆಗೆ ತೆಗೆದಿದ್ದೆ. ಫರಸಿಯ ಮಾಳಿಗೆಯನ್ನು ಹೊತ್ತ ಸಾಗವಾನಿ ತೊಲೆ ನಡುವೆ ಅಡ್ಡ ಹೋಗಿದೆ ಎನ್ನುವುದನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದವನು ನೋಡಿರಲಿಲ್ಲ. ಹಚ್ಚಿದರೆ ಬೆಳಕು ಮೇಲಕ್ಕೆ ಚಿಮ್ಮಿ ತೊಲೆಗೆ ಬಡಿಯಿತು. ನಾಯಕನ ತಲೆ ತೊಲೆಯ ಮೇಲೆ, ಮೈ ಪರದೆಯ ಮೇಲೆ. ನಾಯಕಿ ರುಂಡವಿಲ್ಲದವನ ಜೊತೆ ಕುಣಿಯುತ್ತಿದ್ದಳು. ಪ್ರೊಜೆಕ್ಟರನ್ನು ಮುಂದೆ ಬಾಗಿಸಿದೆ; ಚಿತ್ರ ಕೆಳಗೆ ಅಗಲ ಮೇಲೆ ಚಿಕ್ಕದಾಗಿ ಲಂಗದ ಆಕಾರಕ್ಕೆ ಬಂತು. ರಿಮೋಟಿನ ಗುಂಡಿ ಒತ್ತಿ ಒತ್ತಿ ಅದನ್ನು ಸರಿ ಮಾಡಲು ಹೋದೆ, ಅಕ್ಷರಗಳೆಲ್ಲ ನೀರಲ್ಲಿ ಬಿದ್ದ ಹಾಗಾದವು.

ಆಗ ಹಿಂದಿನ ಕೋಣೆಯ ಬಾಗಿಲಿಗೆ ಒಂದು ಏಟು ಬಿತ್ತು.

ನಾನು ನಿಂತೆ. ಅಪ್ಪ ಬಾಗಿಲಲ್ಲಿ ಇದ್ದ. ಎಷ್ಟೋ ದಿನಗಳ ಮೇಲೆ ಪಡಸಾಲೆಗೆ ಬಂದವನು ನನ್ನ ಕಡೆ ನೋಡಲೇ ಇಲ್ಲ. ತಲೆಯಿಲ್ಲದ ನಾಯಕನನ್ನು ನೋಡಿದ, ತೊಲೆಯನ್ನು ನೋಡಿದ, ಒಳಗೆ ಹೋಗಿ ತನ್ನ ಡ್ಯೂಟಿಯ ಟ್ರಂಕನ್ನು ದರದರ ಎಳೆದು ತಂದ. ಅದರ ಮೇಲೆ ಪ್ರೊಜೆಕ್ಟರ್ ಇಡು ಎಂದು ಕೈ ಮಾಡಿದ. ಆಮೇಲೆ ಪರದೆಯ ಪಕ್ಕದಲ್ಲಿ ಹೋಗಿ ನಿಂತು ಗೋಡೆಯನ್ನು ಟಪಟಪ ಬಡಿಯತೊಡಗಿದ.

ಬಸ್ಸು ಹಿಂದಕ್ಕೆ ತರುವ ಬಡಿತ. ನಾನು ಟ್ರಂಕನ್ನು ಹಿಂದಕ್ಕೆ ಎಳೆಯುತ್ತ ಹೋದೆ. ಬಡಿತ ಬಂತು, ಬಂತು, ಚಿತ್ರ ದೊಡ್ಡದಾಗುತ್ತ ಕಪ್ಪು ಅಂಚಿನ ಹತ್ತಿರ ಬಂತು, ಇನ್ನಷ್ಟು ಬಂತು. ಠಪ್! ನಿಲ್ಲಿಸಿದೆ. ನಾಲ್ಕೂ ಮೂಲೆ ಅಂಚಿಗೆ ಸರಿಯಾಗಿ ಕೂತಿದ್ದವು. ಅಪ್ಪ ಎರಡು ಸಲ ಬಡಿದ. ರೈಟ್.

"ಡ್ರೈವರ್ ಹೊಸಬನರೀ ಸಾಹೇಬ್ರ, ಸಂಭಾಳಿಸ್ಕೋರಿ" ಎಂದು ನಾನು ಹಳೆಯ ಅಭ್ಯಾಸಕ್ಕೆ ಅಂದೆ. ಅವನ ಮೀಸೆ ಸ್ವಲ್ಪ ಅಲುಗಿತು. ಅವ್ವ ಅಡುಗೆಮನೆಯಿಂದ ಇಣುಕಿ ನೋಡಿ, ಏನೂ ಕಾಣದವಳ ಹಾಗೆ ಮತ್ತೆ ಒಳಗೆ ಹೋದಳು.

ಆ ಸಂಜೆ ಒಂದು ಸಿನಿಮಾ ಹಾಕಿದೆ. ಅಪ್ಪ ಕುರ್ಚಿಯಲ್ಲಿ, ಅವ್ವ ಗೋಡೆಗೆ ಒರಗಿ. ಮೊದಲ ಹಾಡು ಮುಗಿದು ಮಾತು ಶುರುವಾಗುತ್ತಿದ್ದಂತೆ ಅಪ್ಪ ಎದ್ದು ಒಳಗೆ ಹೋದ. ಯಾಕೆಂದು ನನಗೆ ತಿಳಿಯಲಿಲ್ಲ. ಮರುದಿನ ಕಚೇರಿಯಿಂದ ಬಂದು ನೋಡಿದರೆ ಅವನೇ ಹಚ್ಚಿಕೊಂಡು ಕೂತಿದ್ದಾನೆ, ಪ್ರೊಜೆಕ್ಟರಿನ ಫ್ಯಾನು ಭರ್ರೋ ಎನ್ನುತ್ತಿದೆ. ಅದು ಕೆಟ್ಟಿತೆಂದು ಓಡಿ ಹೋದೆ. ಕೆಟ್ಟಿರಲಿಲ್ಲ. ಬೆಳಕು ಜೋರು ಮಾಡುವ ಗುಂಡಿಯನ್ನು ಅವನೇ ಹುಡುಕಿ ಒತ್ತಿದ್ದ. ಬೆಳಕು ಜೋರಾದರೆ ಫ್ಯಾನೂ ಜೋರು. ನಾನು ಕಡಿಮೆ ಮಾಡಿದೆ. ಪಡಸಾಲೆ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಅವನ ಕೊರಳ ಉಸಿರು ಕೇಳಿಸಿತು, ಸುಂಯ್, ಸುಂಯ್ ಎಂದು. ಅಪ್ಪ ಕುರ್ಚಿಯ ಕೈಗೆ ಒಮ್ಮೆ ಬಡಿದ.

ಮತ್ತೆ ಜೋರು ಮಾಡಿದೆ. ಕಲಬುರಗಿಯೆಲ್ಲ ಹುಡುಕಿ ಸದ್ದಿಲ್ಲದ್ದನ್ನು ತಂದಿದ್ದೆ ನಾನು. ಅವನಿಗೆ ಬೇಕಾಗಿದ್ದದ್ದು ತನ್ನನ್ನು ಮುಚ್ಚುವಷ್ಟು ಸದ್ದು.

ಅಕ್ಕ ಬಂದದ್ದು ಭಾನುವಾರ. ಸೀಡಿ ಸಿಕ್ಕಿತ್ತು, ಅದನ್ನು ಅಂಗಡಿಯಲ್ಲಿ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿಕೊಂಡು ನೇರ ಬಸ್ಸು ಹತ್ತಿದ್ದಳು. ಒಮ್ಮೆ ಫೋನಿಗೆ ಹಚ್ಚಿ ನೋಡೋಣ ಅಂದೆ ನಾನು.

"ಬ್ಯಾಡ" ಅಂದಳು ಅವ್ವ. "ಸಣ್ಣದರಾಗ ಬ್ಯಾಡ. ಎಲ್ಲಾರೂ ಕೂತು ಕೇಳೋಣು."

ಹಗಲು ಹೊತ್ತೆಲ್ಲ ಅವಳು ಕೆಲಸ ಹುಡುಕಿ ಹುಡುಕಿ ಮಾಡಿದಳು. ಸಂಜೆ ದೀಪ ಹಚ್ಚಿ, ಮದುವೆಯಲ್ಲಿ ಉಟ್ಟಿದ್ದ ಸೀರೆಯನ್ನೇ ಉಟ್ಟು ಬಂದು ಕೂತಳು. "ಏನವಾ, ಹೊಳ್ಳಿ ಕಳಸ್ತೀಯೇನು ನನ್ನ?" ಎಂದು ಅಕ್ಕ ಕೆಣಕಿದರೆ, "ನಿನಗಲ್ಲ ಸುಮ್ನ ಕೂಡು" ಅಂದಳು. ಅಪ್ಪನಿಗೆ ಏನು ಹಾಕುತ್ತೇವೆಂದು ಯಾರೂ ಹೇಳಿರಲಿಲ್ಲ. ಪರದೆಯ ಮೇಲೆ ಗುಲಾಬಿಯೊಳಗಿಂದ ಅಕ್ಕನ ಮುಖ ಬಂದಾಗ ಅವನು ಒಮ್ಮೆ ನನ್ನ ಕಡೆ ನೋಡಿದ. ಎದ್ದು ಹೋಗಲಿಲ್ಲ. ಪ್ರೊಜೆಕ್ಟರಿನ ಫ್ಯಾನು ಭರ್ರೋ ಎನ್ನುತ್ತಿತ್ತು, ಸ್ಪೀಕರನ್ನು ಅದಕ್ಕೂ ಮೇಲೆ ಏರಿಸಿದ್ದೆ.

ಅರಿಶಿನ, ಸುರಗಿ, ಅಕ್ಕಿಕಾಳು, ಊಟದ ಸಾಲು. ಎಲ್ಲದರ ಮೇಲೂ ಸಿನಿಮಾ ಹಾಡು. ಜನ ಬಾಯಿ ತೆರೆಯುತ್ತಾರೆ, ಹಾಡು ಬರುತ್ತದೆ. ನಮ್ಮ ಕಡೆಯ ಮದುವೆ ಶೂಟಿಂಗ್ ಎಂದರೆ ಹೀಗೆಯೇ: ಶೂಟಿಂಗಿನವರು ಮಂದಿಯ ಮಾತನ್ನೆಲ್ಲ ಗದ್ದಲವೆಂದು ಅಳಿಸಿ ಹಾಡು ತುಂಬಿ ಕೊಡುತ್ತಾರೆ. ಹಾಡು ಹಾಕಿಲ್ಲವೆಂದರೆ ಮದುವೆಯವರೇ ಜಗಳ ತೆಗೆಯುತ್ತಾರೆ. ಅವತ್ತು ಹಾಡುಗಳನ್ನು ಆರಿಸಿ ಕೊಟ್ಟವಳು ಅಕ್ಕನೇ. ಸೀಡಿ ಬಂದ ದಿನ ಮನೆತುಂಬ ನೆಂಟರು ಮಾತಾಡುತ್ತ ನೋಡಿದ್ದರು, ಮಾತು ಪರದೆಯಿಂದ ಬಂತೋ ಪಕ್ಕದಿಂದ ಬಂತೋ ಯಾರು ಗಮನಿಸಿದ್ದರು?

"ಈಗ ಬರ್ತದ" ಅಂದಳು ಅವ್ವ.

ಬಸ್ಸು ಬಂತು. ಹೂವಿನ ಮಾಲೆ ಹಾಕಿದ ಬಸ್ಸು, ಬಾಗಿಲಲ್ಲಿ ಒಂದು ಕಾಲು ಮೇಲಿಟ್ಟು ಅಪ್ಪ. ಆ ಗೋಡೆಯಷ್ಟು ದೊಡ್ಡ ಅಪ್ಪ. ಕೊರಳಲ್ಲಿ ಬಟ್ಟೆ ಇಲ್ಲ, ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ. ಅಕ್ಕ ಒಳಗೆ ಸೀಟಿನಲ್ಲಿ ಅಳುತ್ತಿದ್ದಾಳೆ. ಅಪ್ಪ ಬಾಯಿ ತೆರೆದ. ಸ್ಪೀಕರಿನಿಂದ ಒಬ್ಬಳು ಹೆಣ್ಣುಮಗಳು ತವರಿನ ಹಾಡು ಹಾಡಿದಳು.

ಅವ್ವ ಸ್ವಲ್ಪ ಮುಂದಕ್ಕೆ ಬಾಗಿ ಕೇಳಿಸಿಕೊಂಡಳು. ಇನ್ನೂ ಬಾಗಿದಳು. ಅಪ್ಪನ ಬಾಯಿ ಮುಚ್ಚಿತು, ಬಸ್ಸು ಹೊರಟಿತು, ಧೂಳು ಎದ್ದಿತು.

"ಆವಾಜ್ ಎಲ್ಲಿ ಹೋತು?" ಎಂದು ಅವ್ವ ನನ್ನನ್ನು ಕೇಳಿದಳು. ನಾನೇ ಎಲ್ಲಿಯೋ ಎತ್ತಿಟ್ಟಿದ್ದೇನೆ, ಕೇಳಿದರೆ ಕೊಡುತ್ತೇನೆ ಎನ್ನುವ ಹಾಗೆ.

"ಇಲ್ಲವಾ. ಹಾಡು ಹಾಕ್ಯಾರ."

"ಹಾಡಿನ ಕೆಳಗ ಇರ್ತದಲ್ಲ?"

"ಕೆಳಗ ಏನೂ ಇಲ್ಲ. ಅಳಿಸ್ಯಾರ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದ. ನಾವು ಯಾಕೆ ಇದನ್ನು ಹಾಕಿದೆವು ಎಂದು ಅವನಿಗೆ ಆಗ ತಿಳಿದಿರಬೇಕು. ಅವ್ವ ಸೀರೆಯ ನೆರಿಗೆ ಸರಿ ಮಾಡಿಕೊಂಡು, ಗಟ್ಟಿಯಾಗಿ ಅಂದಳು: "ಆ ಹಾಡು ಬಂದ್ ಮಾಡು. ಮತ್ತ ಹಿಂದಿನಿಂದ ಹಾಕು. ಅವರು ಮಾತಾಡ್ಲಿ."

ಸ್ಪೀಕರ್ ಆರಿಸಿ ಬಸ್ಸನ್ನು ಹಿಂದಕ್ಕೆ ತಂದೆ. ಅಪ್ಪ ಬಾಗಿಲಲ್ಲಿ ನಿಂತ, ಬಾಯಿ ತೆರೆದ. ಪಡಸಾಲೆಯಲ್ಲಿ ಫ್ಯಾನಿನ ಸದ್ದು ಒಂದೇ.

"ತಮ್ಮಾ, ನೀ ಅನ್ನು" ಎಂದು ಅಕ್ಕ ಪಿಸುಗುಟ್ಟಿದಳು. "ಬರ್ತದಲ್ಲ ನಿನಗ. ಅವ್ವಗ ಕೇಳಿಸು."

ಆಪರೇಶನ್ ಆದಾಗಿನಿಂದ ನಾನು ಆ ಧ್ವನಿ ತೆಗೆದಿರಲಿಲ್ಲ. ಮತ್ತೊಮ್ಮೆ ಹಿಂದಕ್ಕೆ ತಂದು, ಅಪ್ಪನ ಬಾಯಿ ತೆರೆಯುವುದನ್ನೇ ಕಾದು, ಎತ್ತಿದೆ: "ಯಾರ್ರೀ ಟಿಕೆಟ್ ಉಳದೋರು! ಅಳೋರು ಕೆಳಗ ಇಳೀರಿ..."

ಧ್ವನಿ ಚೆನ್ನಾಗಿಯೇ ಬಂತು. ಅದೇ ಎಳೆತ, ಅದೇ ಎಸೆತ. ಅವ್ವ ಕಣ್ಣು ಮುಚ್ಚಿದಳು. ಆದರೆ ನನ್ನ ಕಣ್ಣು ಪರದೆಯ ಮೇಲಿತ್ತು, ಮತ್ತು ಅಲ್ಲಿ ಏನೋ ತಪ್ಪುತ್ತಿತ್ತು. ಆ ಸಾಲಿನಲ್ಲಿ ಪ, ಬ, ಮ ಒಂದೂ ಇಲ್ಲ, ಎಲ್ಲಿಯೂ ತುಟಿ ಕೂಡುವುದಿಲ್ಲ. ಎಷ್ಟು ಸಲ ಹೇಳಿದ್ದೇನೆ, ನನಗೆ ಗೊತ್ತಿಲ್ಲವೆ? ಪರದೆಯ ಮೇಲಿನ ಅಪ್ಪನ ತುಟಿ ಮಾತಿನ ನಡುವೆ ಗಟ್ಟಿಯಾಗಿ ಕೂಡಿ ಬಿಟ್ಟಿತು. ಮಾತೂ ಸಣ್ಣದು. ನಾನು ಇನ್ನೂ ಕೂಗುತ್ತಿದ್ದಾಗಲೇ ಅವನು ಹೇಳಿ ಮುಗಿಸಿದ್ದ.

ಠಪ್.

ಕುರ್ಚಿಯ ಕೈ ಮೇಲೆ ಒಂದು ಏಟು. ನಾನು ನಿಲ್ಲಿಸಿದೆ. ಅಪ್ಪ ಇಲ್ಲ ಎಂದು ತಲೆಯಾಡಿಸುತ್ತಿದ್ದ.

"ಅದಲ್ಲೇನು?" ಅಂದಳು ಅಕ್ಕ. "ಟಿಕೆಟ್ ಅಂದಿದ್ದಿಯಲ್ಲಪ್ಪ ನೀ? ನಾ ಅಳ್ತಾ ಅಳ್ತಾ ನಕ್ಕಿದ್ನಲ್ಲ?"

ಪರದೆಯ ಮೇಲಿನ ಅಕ್ಕ ನಕ್ಕಿರಲಿಲ್ಲ. ಮೂರನೆಯ ಸಲ ಹಾಕಿದಾಗ ಅದೂ ಕಂಡಿತು. ಟಿಕೆಟ್ಟಿನ ಮಾತು ನನ್ನ ಐಟಮಿನದು. ಎಲ್ಲಿ ಸೇರಿಸಿದೆನೋ, ಯಾವ ರಿಸೆಪ್ಶನ್ನಿನಲ್ಲಿ ಜನ ಮೊದಲು ಚಪ್ಪಾಳೆ ತಟ್ಟಿದರೋ ನನಗೇ ನೆನಪಿಲ್ಲ. ಕೇಳಿ ಕೇಳಿ ಅವ್ವನಿಗೆ, ಅಕ್ಕನಿಗೆ, ಕಡೆಗೆ ನನಗೂ ಅದೇ ನಡೆದದ್ದಾಗಿತ್ತು. ಬಸ್ಸಿನ ಬಾಗಿಲಲ್ಲಿ ಅಪ್ಪ ನಿಜವಾಗಿ ಏನು ಅಂದಿದ್ದ ಎನ್ನುವುದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅವನಿಗೆ ಹೇಳಲು ಧ್ವನಿಯಿರಲಿಲ್ಲ.

ಅಪ್ಪ ಕೈಚಾಚಿ ರಿಮೋಟು ಇಸಿದುಕೊಂಡ. ಪ್ರೊಜೆಕ್ಟರಿನ ಬೆಳಕು ಕಡಿಮೆ ಮಾಡಿದ. ಫ್ಯಾನು ಇಳಿಯಿತು, ಇಳಿದು ನಿಂತ ಹಾಗಾಯಿತು. ಸುಂಯ್, ಸುಂಯ್. ಅವನ ಉಸಿರು ಈಗ ಎಲ್ಲರಿಗೂ ಕೇಳಿಸುತ್ತಿತ್ತು. ಅವನು ಬಟ್ಟೆಯನ್ನು ಕೈಯಿಂದ ಮುಚ್ಚಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ತುಟಿ ಆಡಿಸಿದ.

ನನಗೆ ತಿಳಿಯಲಿಲ್ಲ. ಮತ್ತೆ ಆಡಿಸಿದ. ಜೀವಮಾನವಿಡೀ ಅವನ ಧ್ವನಿಯನ್ನು ಕೇಳಿದವನು ನಾನು, ಬಾಯಿಯನ್ನು ನೋಡಿದವನಲ್ಲ. ಟ್ರಂಕಿನ ಮುಂದೆ ಮಂಡಿಯೂರಿ ಅವನ ಮುಖಕ್ಕೆ ಮುಖ ಕೊಟ್ಟು ಕೂತೆ. ನೆರಳು ಪರದೆಯ ಮೇಲೆ ಬಿತ್ತು. ಯಾರೂ ಪಕ್ಕಕ್ಕೆ ಸರಿ ಎನ್ನಲಿಲ್ಲ. ಅವನು ನಿಧಾನವಾಗಿ, ಸಣ್ಣ ಮಗುವಿಗೆ ಕಲಿಸುವ ಹಾಗೆ, ಒಂದೊಂದೇ ಹೇಳಿದ. ನಾನು ಒಂದೊಂದೇ ಸೇರಿಸಿದೆ. ನನ್ನ ಬಾಯಿಂದ ಬಂದದ್ದು ಅವನ ಧ್ವನಿ ಅಲ್ಲ, ಯಾರ ಧ್ವನಿಯೂ ಅಲ್ಲ.

"ನೀರಿನ... ಬಾಟ್ಲಿ... ತಗೊಂಡೀ... ಏನವ್ವಾ?"

ಎರಡು ಬಡಿತ.

ಅಷ್ಟೇ ಮಾತು. ಚಪ್ಪಾಳೆ ಬೀಳುವಂಥದ್ದೇನೂ ಅದರಲ್ಲಿ ಇರಲಿಲ್ಲ. ಅಕ್ಕ ಪರದೆಯ ಕಡೆ ನೋಡಿದಳು, ಅಲ್ಲಿ ಅವಳು ತಲೆ ತಗ್ಗಿಸಿ ಅಳುತ್ತಲೇ ಇದ್ದಳು, ಅಪ್ಪ ಉತ್ತರಕ್ಕೆ ಕಾದು, ಕಾದು, ಕೆಳಗಿಳಿದು ಬಸ್ಸಿನ ಮೈಯನ್ನು ಎರಡು ಸಲ ಬಡಿದ.

"ನಾ ಕೇಳಿಸ್ಕೊಂಡೇ ಇಲ್ಲಪ್ಪ" ಎಂದು ಅಕ್ಕ ಕುರ್ಚಿಯಲ್ಲಿದ್ದ ಅಪ್ಪನಿಗೆ ಹೇಳಿದಳು. "ತಗೊಂಡಿದ್ದೆ. ಚೀಲದಾಗಿತ್ತು." ಅಪ್ಪ ಆಗಲಿ ಎಂದು ಕೈ ಎತ್ತಿದ.

ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟು ಎದ್ದಳು. "ಮೊದಲ ಅಂದಿ ನೋಡು, ಕೂಗಿ, ಅದು ಬರೋಬ್ಬರಿ ಅವರಂಗೇ ಇತ್ತಪ್ಪ" ಅಂದಳು. "ಆದ್ರ ಅವರು ಹಂಗ ಅಂದಿಲ್ಲ. ಮಾತು ಅವರದು ಬಂತು, ಅದು ನಿನ್ನ ಧ್ವನಿಯಾಗ ಬಂತು. ಎರಡೂ ಕೂಡಿ ಬರಂಗಿಲ್ಲ ಇನ್ನ." ಇದನ್ನು ಅವಳು ಅಳುತ್ತ ಹೇಳಲಿಲ್ಲ. ಜೋಳದಲ್ಲಿ ಹುಳ ಬಿದ್ದಿದೆ ಎಂದು ಹೇಳುವ ಧ್ವನಿಯಲ್ಲಿ ಹೇಳಿ, ಸೀರೆ ಬದಲಿಸಲು ಒಳಗೆ ಹೋದಳು.

ನಾನು ಪರದೆಯ ದಾರ ಎಳೆದೆ. ಅದು ಯಾವಾಗಲೂ ಮಾಡುವ ಹಾಗೆ ಸರ್ರನೆ ಮೇಲೆ ಓಡಿತು, ತುದಿಯ ಸರಳು ಮುತ್ಯಾನ ಫೋಟೋಕ್ಕೆ ತಾಗಿ ಅವನು ಓರೆಯಾದ. ಹಿಂದಿನಿಂದ ಒಂದು ಬಡಿತ ಬಿತ್ತು. ಮುತ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಸರಿಸುತ್ತ ಹೋದೆ, ಹಿಂದೆ ಟಪಟಪ ಸದ್ದು ಬರುತ್ತಲೇ ಇತ್ತು, ಅದು ನಿಂತು ಆ ಒಂದು ಗಟ್ಟಿ ಏಟು ಬೀಳುವುದನ್ನೇ ನಾನು ಕಾಯುತ್ತಿದ್ದೆ.